ಒಂದೇ ಜಗ್ಗಿನ ಟೀ



*ಇಂದಿನ ಧಮ್ಮ ಚಿಂತನೆ*
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಧಮ್ಮ ಬಂಧುಗಳ ಓದು ಬಳಗಕ್ಕಾಗಿ



ಇವತ್ತು ಬರೆಯುವ ಪಾಳಿ ನನ್ನದು. ಈ ಸಲ ಯಾವ ಸುತ್ತವನ್ನೂ ಎತ್ತಿಕೊಂಡಿಲ್ಲ, ಟೀ ಬಗ್ಗೆ ಬರೆದಿದ್ದೇನೆ. ನಗಬೇಡಿ. ಸ್ವಲ್ಪ ಉದ್ದವಾಗಿದೆ. ತೋಟಕ್ಕೋ ಆಫೀಸಿಗೋ ಹೊರಡುವ ಗಡಿಬಿಡಿಯಲ್ಲಿದ್ದವರು ರಾತ್ರಿ ಊಟ ಆದ ಮೇಲೆ ಓದಿ.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಂಪನಿಯವರು ಯಾವುದೋ ಯಂತ್ರ ನೋಡಿಕೊಂಡು ಬರಲು ಅವನನ್ನು ಚೀನಾದ ಶಿಯಾಮೆನ್ ಊರಿಗೆ ಕಳಿಸಿದ್ದರು. ಬರುವಾಗ ನನಗೊಂದು ಪೊಟ್ಟಣ ತಂದ. ಒಳಗೆ ಕಾಳುಮೆಣಸಿನ ಹಾಗೆ ಮುದುರಿಕೊಂಡ ಹಸಿರು ಕಪ್ಪು ಉಂಡೆಗಳು. "ಅತ್ತೆ, ಇದು ಊಲಾಂಗ್ ಟೀ. ಹಾಲು ಗೀಲು ಹಾಕ್ಬೇಡ ಮತ್ತೆ" ಅಂತ ಹೇಳಿಯೇ ಕೊಟ್ಟಿದ್ದ. ನಾನು ಕೇಳಬೇಕಲ್ಲ. ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಪಾತ್ರೆಗೆ ನೀರು, ಹಾಲು, ಸಕ್ಕರೆ, ಎರಡು ಚಮಚ ಆ ಉಂಡೆ ಹಾಕಿ ಚೆನ್ನಾಗಿ ಕುದಿಸಿದೆ. ಗಂಜಿಗೆ ಸೆಂಟು ಹೊಡೆದ ಹಾಗಾಯಿತು. ನಮ್ಮ ಯಜಮಾನರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, ಏನೂ ಮಾತಾಡದೆ ಮಂಡಕ್ಕಿ ತಿನ್ನತೊಡಗಿದರು. ಬೈದಿದ್ದರೆ ಒಳ್ಳೆಯದಿತ್ತು.

ತಿಂಗಳ ನಂತರ ಹುಡುಗ ಮತ್ತೆ ಬಂದಾಗ ತಾನೇ ಕೂತು ಮಾಡಿ ತೋರಿಸಿದ. ಅವತ್ತು ಕಂಡದ್ದನ್ನೇ ನಿಮಗೆ ಹೇಳಬೇಕಾಗಿರುವುದು. ಅದಕ್ಕೆ ಮೊದಲು ಈ ಎಲೆಯ ಗುಣ ಸ್ವಲ್ಪ ತಿಳಿದಿರಲಿ.

ಶಿಯಾಮೆನ್ ಇರುವುದು ಫುಜಿಯಾನ್ ಪ್ರಾಂತ್ಯದ ಕರಾವಳಿಯಲ್ಲಿ. ಅಲ್ಲಿನ ಜನರ ಆಡುಮಾತಿನಲ್ಲಿ ಈ ಗಿಡಕ್ಕೆ 'ತೆ' ಅನ್ನುತ್ತಾರೆ. ಡಚ್ ವ್ಯಾಪಾರಿಗಳು ಆ ಕರಾವಳಿಯ ಮಾತನ್ನೇ ಹಡಗಿನಲ್ಲಿ ಯುರೋಪಿಗೆ ಒಯ್ದರು, ಅದು ಇಂಗ್ಲಿಷರ ಬಾಯಲ್ಲಿ ಟೀ ಆಗಿ ನಮ್ಮ ಹೋಟೆಲ್ಲಿಗೆ ಬಂತು. ಚೀನಾದ ಉಳಿದ ಬಹುಪಾಲು ಕಡೆ 'ಚಾ' ಅನ್ನುತ್ತಾರೆ. ಅದು ಬೇರೆ ದಾರಿ ಹಿಡಿದು, ಪರ್ಷಿಯಾ ಕಡೆಯಿಂದಲೂ ಪೋರ್ಚುಗೀಸರಿಂದಲೂ ಬಂದು, ಧಾರವಾಡದವರ ಚಹಾ ಆಯಿತು. ಒಂದೇ ಗಿಡದ ಎರಡು ಹೆಸರೂ ಕನ್ನಡದಲ್ಲಿ ಬದುಕಿವೆ. ಕನ್ನಡ ಮೇಡಂಗೆ ಇಷ್ಟು ಹೇಳದಿದ್ದರೆ ಹೊಟ್ಟೆ ತುಂಬುವುದಿಲ್ಲ, ಕ್ಷಮಿಸಿ.

ಹಸಿರು ಟೀ, ಊಲಾಂಗ್, ನಾವು ದಿನಾ ಕುಡಿಯುವ ಕಪ್ಪು ಟೀ, ಇವು ಮೂರು ಬೇರೆ ಬೇರೆ ಗಿಡಗಳು ಎಂದು ನಾನು ತಿಳಿದಿದ್ದೆ. ಅಲ್ಲ, ಗಿಡದ ಜಾತಿ ಒಂದೇ. ಚನ್ನಗಿರಿಯವರಿಗೆ ಇದನ್ನು ವಿವರಿಸುವುದು ಸುಲಭ. ಒಂದೇ ಮರದ ಅಡಿಕೆಯನ್ನು ಎಳೆಯದಾಗಿದ್ದಾಗ ಕೊಯ್ದು, ಸುಲಿದು, ಬೇಯಿಸಿ, ಚೊಗರು ಹಿಡಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು ಸಿಪ್ಪೆ ಸಮೇತ ಬಿಸಿಲಿಗೆ ಹಾಕಿದರೆ ಚಾಲಿ. ಮರ ಅದೇ, ಮಾಡುವ ಕೆಲಸ ಬೇರೆ. ಟೀ ಎಲೆಯೂ ಹಾಗೆ. ಕಿತ್ತ ಎಲೆಗೆ ಪೆಟ್ಟು ಬಿದ್ದರೆ ಅದರ ರಸಕ್ಕೆ ಗಾಳಿ ತಾಗಿ ಕೆಂಪಾಗುತ್ತದೆ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದಿಲ್ಲವೇ, ಅದೇ ಕ್ರಿಯೆ. ಎಲೆ ಕಿತ್ತ ಕೂಡಲೇ ಬಿಸಿ ತಾಗಿಸಿ ಕೆಂಪಾಗುವುದನ್ನು ತಡೆದರೆ ಹಸಿರು ಟೀ. ಪೂರ್ತಿ ಕೆಂಪಾಗಲು ಬಿಟ್ಟರೆ ಕಪ್ಪು ಟೀ. ನಮ್ಮ ಅಂಗಡಿಯ ಕಾಳು ಟೀಪುಡಿ ಇನ್ನೂ ಒಂದು ಹೆಜ್ಜೆ ಮುಂದೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ಯಂತ್ರದಲ್ಲಿ ಎಲೆಯನ್ನು ಹಲ್ಲುಗಳ ನಡುವೆ ಜಜ್ಜಿ, ಹರಿದು, ಸುರುಳಿ ಸುತ್ತಿ ಮಾಡುತ್ತಾರೆ. ಅದಕ್ಕೇ ಎರಡೇ ನಿಮಿಷದಲ್ಲಿ ಅಷ್ಟು ಬಣ್ಣ ಬಿಡುತ್ತದೆ, ಹಾಲನ್ನೂ ತಡೆದುಕೊಳ್ಳುತ್ತದೆ.

ಊಲಾಂಗ್ ಈ ಎರಡರ ನಡುವೆ ನಿಲ್ಲುವ ಟೀ. ಎಲೆಯನ್ನು ಬಿಸಿಲಲ್ಲಿ ಬಾಡಿಸಿ, ಬಿದಿರಿನ ಮೊರಗಳಲ್ಲಿ ಹಾಕಿ ಜಾಲಾಡುತ್ತಾರೆ. ಎಲೆಗಳು ಒಂದಕ್ಕೊಂದು ತಾಗಿ ಅಂಚುಗಳಿಗೆ ಮಾತ್ರ ಪೆಟ್ಟಾಗುತ್ತದೆ. ಆಮೇಲೆ ಸುಮ್ಮನೆ ಬಿಡುತ್ತಾರೆ. ಮತ್ತೆ ಜಾಲಾಡುತ್ತಾರೆ, ಮತ್ತೆ ಬಿಡುತ್ತಾರೆ. ರಾತ್ರಿಯಿಡೀ ಈ ಕೆಲಸ ನಡೆಯುತ್ತದೆ. ಅಂಚು ಕೆಂಪು, ನಡು ಹಸಿರು, ಹಾಗಿರುವಾಗ ಮೂಗಿನಿಂದಲೇ ಹದ ನೋಡಿ ಕಾದ ಬಾಣಲೆಗೆ ಹಾಕಿ ಅಲ್ಲಿಗೆ ನಿಲ್ಲಿಸುತ್ತಾರೆ. ನೂರಕ್ಕೆ ಹತ್ತರಷ್ಟು ಕೆಂಪಾದಾಗಲೇ ನಿಲ್ಲಿಸುವ ಊಲಾಂಗ್ ಇದೆ, ಎಂಬತ್ತರ ಹತ್ತಿರ ಹೋಗುವುದೂ ಇದೆ. ಮೊದಲನೆಯದಕ್ಕೆ ಹೂವಿನ ವಾಸನೆ. ಎರಡನೆಯದಕ್ಕೆ, ಅದನ್ನು ಕೆಂಡದ ಕಾವಿನಲ್ಲಿ ಹುರಿದಿದ್ದರೆ, ಹುರಿಗಡಲೆಯದೋ ಸುಟ್ಟ ಬೆಲ್ಲದ್ದೋ ವಾಸನೆ.

ಇಲ್ಲಿ ನಿಮಗೆ ಮಧ್ಯಮ ಮಾರ್ಗ ನೆನಪಾಗಿರುತ್ತದೆ. ನನಗೂ ಆಯಿತು. ಸೋಣನಿಗೆ ಬುದ್ಧ ವೀಣೆಯ ತಂತಿಯ ಉದಾಹರಣೆ ಕೊಟ್ಟ ಕಥೆ ನಾವು ಓದಿದ್ದೇವೆ. ತಂತಿ ಬಿಗಿಯಾದರೂ ಸಡಿಲವಾದರೂ ನಾದ ಬರುವುದಿಲ್ಲ. ಊಲಾಂಗ್ ಮಾಡುವವನ ಕೆಲಸವೂ ಅಂಥದ್ದೇ. ಆದರೆ ಗಮನಿಸಿ, ಅವನ ನಡು ಎಂದರೆ ಅಳತೆಪಟ್ಟಿಯ ಐವತ್ತು ಅಲ್ಲ. ಇವತ್ತಿನ ಗಾಳಿ, ಇವತ್ತಿನ ತೇವ, ಈ ಗುಡ್ಡದ ಎಲೆ, ಇವನ್ನು ನೋಡಿ ಪ್ರತಿ ರಾತ್ರಿ ಹೊಸದಾಗಿ ಹುಡುಕಬೇಕಾದ ನಡು ಅದು. ಮಧ್ಯಮ ಮಾರ್ಗ ಎಂದರೆ ಎರಡೂ ಕಡೆಯವರ ಜೊತೆ ಚೆನ್ನಾಗಿರುವುದು ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಅದು ಅವರ ಅನುಕೂಲ, ಬುದ್ಧನ ಮಾರ್ಗವಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪೆಟ್ಟು ತಿಂದ ಎಲೆಗೇ ಪರಿಮಳ ಎಂದು ಕೇಳಿದ ಕೂಡಲೇ, ನಮ್ಮ ಜನವೂ ನೋವುಂಡು ಪರಿಮಳಿಸಿದರು ಎಂದು ಬರೆಯಲು ಕೈ ತುರಿಸುತ್ತದೆ. ಬರೆಯುವುದಿಲ್ಲ. ಎಲೆ ಜಾಲಾಡುವವನಿಗೆ ಯಾವಾಗ ನಿಲ್ಲಿಸಬೇಕೆಂದು ಗೊತ್ತು, ರಾತ್ರಿಯೆಲ್ಲ ಅದನ್ನೇ ಕಾಯುತ್ತಾ ಕೂರುತ್ತಾನೆ. ನಮ್ಮ ಅಜ್ಜಂದಿರನ್ನು ಜಾಲಾಡಿದವರಿಗೆ ನಿಲ್ಲಿಸಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಮನುಷ್ಯರು ಎಲೆಗಳಲ್ಲ.

ಹುಡುಗ ತಂದ ಊಲಾಂಗಿನ ಹೆಸರು ತೀಗ್ವಾನ್‌ಯಿನ್. ಫುಜಿಯಾನಿನ ಆನ್‌ಶಿ ಎಂಬಲ್ಲಿಯದು. 'ತೀ' ಎಂದರೆ ಕಬ್ಬಿಣ. ಗ್ವಾನ್‌ಯಿನ್ ಯಾರು ಗೊತ್ತೇ? ನಮ್ಮ ಅವಲೋಕಿತೇಶ್ವರ. ಲೋಕದ ಅಳಲನ್ನು ಕೇಳಿಸಿಕೊಳ್ಳುವ ಬೋಧಿಸತ್ವ. ಇಲ್ಲಿಂದ ಹೋದವನು, ಅಲ್ಲಿ ಹೆಣ್ಣಿನ ರೂಪ ತಾಳಿದ. ಅವನ ಗುರುತು ನಮ್ಮ ಸುತ್ತಲೂ ಇದೆ. ಮಂಗಳೂರಿನ ಕದ್ರಿಯಲ್ಲಿ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಇನ್ನೂ ಹತ್ತಿರ ಬೇಕೆಂದರೆ, ನ್ಯಾಮತಿಯಿಂದ ಶಿಕಾರಿಪುರ ದಾಟಿ ಹೋದರೆ ಬಳ್ಳಿಗಾವಿ. 11ನೇ ಶತಮಾನದಲ್ಲಿ ಅಲ್ಲಿ ಬೌದ್ಧ ವಿಹಾರವಿತ್ತು, ತಾರಾ ಭಗವತಿಯ ಮೂರ್ತಿ ಅಲ್ಲಿ ಸಿಕ್ಕಿದೆ. ನಮಗೆ ಬುದ್ಧ ಹೊಸಬನಲ್ಲ, ಮಧ್ಯೆ ಮರೆಸಿದರು ಅಷ್ಟೆ.

ಈ ಟೀಗೆ ಆ ಹೆಸರು ಬಂದದ್ದಕ್ಕೆ ಅಲ್ಲಿ ಒಂದು ಕಥೆ ಹೇಳುತ್ತಾರೆ. ವೇಯ್ ಎಂಬ ಬಡ ರೈತ ಹೊಲಕ್ಕೆ ಹೋಗುವ ದಾರಿಯಲ್ಲಿ ಗ್ವಾನ್‌ಯಿನ್‌ಳ ಪಾಳುಗುಡಿ ಇತ್ತಂತೆ. ರಿಪೇರಿ ಮಾಡಿಸಲು ಅವನಲ್ಲಿ ದುಡ್ಡಿಲ್ಲ. ಮನೆಯಿಂದ ಪೊರಕೆ ತಂದು ಗುಡಿಸಿ, ಊದುಬತ್ತಿ ಹಚ್ಚಿ ಹೋಗುತ್ತಿದ್ದನಂತೆ. ಒಂದು ರಾತ್ರಿ ಅವಳು ಕನಸಿನಲ್ಲಿ ಬಂದು ಗುಡಿಯ ಹಿಂದಿನ ಗವಿಯಲ್ಲಿ ನಿಧಿ ಇದೆ ಎಂದಳಂತೆ. ಹೋಗಿ ನೋಡಿದರೆ ಒಂದು ಟೀ ಸಸಿ. ಪಕ್ಕದ ಊರಿನವರು ಒಪ್ಪುವುದಿಲ್ಲ. ನಮ್ಮೂರಿನ ವಾಂಗ್ ಎಂಬ ವಿದ್ವಾಂಸ ಕಂಡುಹಿಡಿದದ್ದು, ಚಕ್ರವರ್ತಿ ಹೆಸರಿಟ್ಟದ್ದು ಎನ್ನುತ್ತಾರೆ. ಬಾಬಾಸಾಹೇಬರ 22 ಪ್ರತಿಜ್ಞೆ ಸ್ವೀಕರಿಸಿದ ನಾವು ಕನಸಿನ ಮಾತನ್ನು ಪಕ್ಕಕ್ಕಿಡೋಣ. ಪೊರಕೆಯನ್ನು ಮಾತ್ರ ನೆನಪಿಡಿ, ಮುಂದೆ ಬರುತ್ತದೆ.

*ಮಾಡುವ ವಿಧಾನ.* ಹುಡುಗ ತಂದಿದ್ದ ಸಾಮಾನು ಮೂರು. ಮುಚ್ಚಳವಿರುವ ಒಂದು ಪಿಂಗಾಣಿ ಬಟ್ಟಲು, ಒಂದು ಗಾಜಿನ ಜಗ್ಗು, ಮತ್ತೆ ಆರು ಪುಟ್ಟ ಬಟ್ಟಲು. ಕೂಸಿಗೆ ಹಾಲು ಕುಡಿಸುವ ಒಳಲೆ ಇರುತ್ತದಲ್ಲ, ಅಷ್ಟೇ ಗಾತ್ರ. ನೂರು, ನೂರಿಪ್ಪತ್ತು ಮಿಲಿ ನೀರು ಹಿಡಿಯುವ ಮುಚ್ಚಳದ ಬಟ್ಟಲಿಗೆ ಆರೇಳು ಗ್ರಾಂ ಎಲೆ. ನೀರು ಚೆನ್ನಾಗಿ ಕುದಿದು ಆಗಷ್ಟೇ ಇಳಿಸಿದ್ದಿರಬೇಕು. ಮೊದಲ ಸಲ ನೀರು ಹಾಕಿ ತಕ್ಷಣ ಬಸಿದು ಚೆಲ್ಲಿದ, ಎಲೆ ಎಚ್ಚರವಾಗಲಿ ಅಂತ. ಆಮೇಲೆ ಹಾಕಿದ ನೀರನ್ನು ಹದಿನೈದು ಇಪ್ಪತ್ತು ಎಣಿಸುವಷ್ಟರಲ್ಲಿ ಬಸಿದುಬಿಟ್ಟ. ಬಣ್ಣ ನಿಂಬೆ ಹಣ್ಣಿನ ಸಿಪ್ಪೆಯಷ್ಟು ತೆಳು. "ಇಷ್ಟೇನಾ?" ಅಂದೆ. "ತಡಿ ಅತ್ತೆ, ಇದಿನ್ನೂ ಬಾಯಿ ಬಿಟ್ಟಿಲ್ಲ" ಅಂದ.

ನಿಜ. ಎರಡನೇ ನೀರಿಗೆ ಉಂಡೆಗಳು ಸಡಿಲವಾದವು. ಮೂರನೇ ನೀರಿಗೆ ಪೂರ್ತಿ ಎಲೆಗಳೇ, ತೊಟ್ಟಿನ ಸಮೇತ, ಮೈಮುರಿದು ಎದ್ದ ಹಾಗೆ ಬಿಚ್ಚಿಕೊಂಡವು. ದೂರದಲ್ಲೆಲ್ಲೋ ಸಂಪಿಗೆ ಬಿರಿದಂಥ ವಾಸನೆ. ಪ್ರತಿ ಸಲ ಐದು ಹತ್ತು ಸೆಕೆಂಡು ಹೆಚ್ಚು ಬಿಡುತ್ತಾ ಅದೇ ಎಲೆಯಿಂದ ಏಳು ಸಲ ಟೀ ತೆಗೆದ. ಒಂದೊಂದು ಸಲಕ್ಕೂ ಒಂದೊಂದು ರುಚಿ. ನುಂಗುವಾಗ ನಾಲಿಗೆಗೆ ಸಣ್ಣ ಒಗರು, ನುಂಗಿ ಸ್ವಲ್ಪ ಹೊತ್ತಾದ ಮೇಲೆ ಗಂಟಲಲ್ಲಿ ಸಿಹಿ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಅಂಥ ಸಿಹಿ. ಸಕ್ಕರೆ ಹಾಕಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಮನೆಯಲ್ಲಿ ಇಷ್ಟೆಲ್ಲ ಸಾಮಾನು ಬೇಡ. ಒಂದು ದೊಡ್ಡ ಲೋಟ ಬಿಸಿನೀರಿಗೆ ಒಂದು ಸಣ್ಣ ಚಮಚ ಎಲೆ ಹಾಕಿ, ತಟ್ಟೆ ಮುಚ್ಚಿ, ಎರಡು ಮೂರು ನಿಮಿಷ ಬಿಟ್ಟು ಸೋಸಿ. ಎಲೆ ಎಸೆಯಬೇಡಿ, ಇನ್ನೆರಡು ಸಲ ಬರುತ್ತದೆ. ಒಲೆಯ ಮೇಲಿಟ್ಟು ಕುದಿಸಬೇಡಿ, ಚೊಗರಿನ ಹಾಗೆ ಒಗರಾಗುತ್ತದೆ. ಜಗಳೂರಿನ ಬಂಧುಗಳಿಗೆ ಒಂದು ಸೂಚನೆ: ಬೋರಿನ ಗಡಸು ನೀರಿನಲ್ಲಿ ಟೀ ಮಂಕಾಗುತ್ತದೆ, ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಫಿಲ್ಟರ್ ನೀರು ಬಳಸಿ. ಇದೇ ಪೊಟ್ಟಣವನ್ನು ತವರಿಗೆ ಒಯ್ದು ನಾನು ಮುಖಭಂಗ ಅನುಭವಿಸಿದ್ದೇನೆ. ನಿದ್ದೆ ಬಾರದವರು ಸಂಜೆಯ ಮೇಲೆ ಕುಡಿಯಬೇಡಿ. ಇದೂ ಟೀಯೇ, ಎಚ್ಚರ ಇಡುತ್ತದೆ. ಚೀನಾದ ಭಿಕ್ಷುಗಳು ಧ್ಯಾನದಲ್ಲಿ ತೂಕಡಿಕೆ ಬಾರದಿರಲೆಂದೇ ಟೀ ಕುಡಿಯುತ್ತಿದ್ದರು. ಅಮಲು ಬರಿಸುವುದನ್ನು ಬಿಡಬೇಕೆನ್ನುವ ಐದನೇ ಶೀಲಕ್ಕೆ ಎಚ್ಚರ ಕೊಡುವ ಈ ಪಾನೀಯ ಒಳ್ಳೆಯ ಜೊತೆ.

ಈಗ ಆ ಗಾಜಿನ ಜಗ್ಗಿನ ವಿಷಯಕ್ಕೆ ಬರುತ್ತೇನೆ.

ಹುಡುಗ ಮುಚ್ಚಳದ ಬಟ್ಟಲಿನಿಂದ ನಮ್ಮ ಬಟ್ಟಲುಗಳಿಗೆ ನೇರವಾಗಿ ಬಗ್ಗಿಸುತ್ತಿರಲಿಲ್ಲ. ಮೊದಲು ಅಷ್ಟನ್ನೂ ಜಗ್ಗಿಗೆ ಸುರಿದು, ಅಲ್ಲಿಂದ ಹಂಚುತ್ತಿದ್ದ. ತೊಳೆಯುವ ಪಾತ್ರೆ ಒಂದು ಹೆಚ್ಚಾಯಿತಲ್ಲ ಅಂತ ನಾನು ಗೊಣಗಿದೆ. ಅದಕ್ಕೆ ಅವನು ಹೇಳಿದ್ದಿಷ್ಟು. ಬಸಿಯುವಾಗ ಮೊದಲು ಬೀಳುವ ಟೀ ತೆಳು, ಕೊನೆಗೆ ಬೀಳುವುದು ಗಟ್ಟಿ. ನೇರ ಬಗ್ಗಿಸಿದರೆ ಒಬ್ಬರಿಗೆ ತಿಳಿನೀರು, ಇನ್ನೊಬ್ಬರಿಗೆ ಕಷಾಯ. ಹಿಂದಿನವರು ಬಟ್ಟಲುಗಳನ್ನು ಒತ್ತಾಗಿ ಇಟ್ಟುಕೊಂಡು ಸುತ್ತು ಸುತ್ತಾಗಿ ಸ್ವಲ್ಪ ಸ್ವಲ್ಪವೇ ಬಿಟ್ಟು ಸರಿದೂಗಿಸುತ್ತಿದ್ದರು. ಆಮೇಲೆ ಈ ಜಗ್ಗು ಬಂತು. ಎಲ್ಲವೂ ಮೊದಲು ಒಂದರಲ್ಲಿ ಬೆರೆತು ಆಮೇಲೆ ಹಂಚಿಕೆ. ಅದರ ಹೆಸರು ಗೊಂಗ್‌ದಾವ್‌ಬೇಯ್. ಗೊಂಗ್‌ದಾವ್ ಎಂದರೆ ನ್ಯಾಯ, ನಿಷ್ಪಕ್ಷಪಾತ. ಬೇಯ್ ಎಂದರೆ ಲೋಟ. ನ್ಯಾಯದ ಲೋಟ.

"ಇದು ನಮ್ಮ ಬಾಬಾಸಾಹೇಬರ ಜಗ್ಗು ಕಣೋ!" ಅಂತ ನಾನು ಚಪ್ಪಾಳೆ ಹೊಡೆದೆ. ಎಲ್ಲರೂ ನಕ್ಕರು. ನಮ್ಮ ಅತ್ತೆಯವರೂ ನಕ್ಕರು. ಬಟ್ಟಲು ತೊಳೆಯಲು ಎದ್ದು ಸಿಂಕಿನ ಮುಂದೆ ನಿಂತಾಗ ಕಿಟಕಿ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಸ್ಟೀಲ್ ಲೋಟ ಕಣ್ಣಿಗೆ ಬಿತ್ತು.

ಅಂಚಿಗೆ ಸಣ್ಣ ತಗ್ಗು ಬಿದ್ದ ಲೋಟ. ನಮ್ಮ ಬೀದಿಯ ಚರಂಡಿ ಬಳಿಯುವ, ಕಸ ಗುಡಿಸುವ ಅಕ್ಕ ಒಬ್ಬರಿದ್ದಾರೆ. ದಿನಾ ಬೆಳಿಗ್ಗೆ ಅವರಿಗೆ ಟೀ ಕೊಡುತ್ತೇನೆ. ಕೊಡುತ್ತೇನೆ ಎಂಬ ಹೆಮ್ಮೆಯೂ ನನಗಿತ್ತು. ಆ ಲೋಟ ಅವರದು. ಅದನ್ನು ಅಲ್ಲಿ ಇಟ್ಟವಳು ನಾನೇ. ಅತ್ತೆಯವರ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು, ಹಳೇ ಕಾಲದವರು ಅಂತ. ಅಲ್ಲ, ಇಟ್ಟದ್ದು ನನ್ನ ಕೈ. ಅದು ಬೇರೆ ಲೋಟಗಳ ಜೊತೆ ಸ್ಟ್ಯಾಂಡಿಗೆ ಹೋಗುತ್ತಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು: ಚರಂಡಿ ಕೆಲಸ, ಕೊಳೆ, ಮನೆಯಲ್ಲಿ ಮಕ್ಕಳಿದ್ದಾರೆ. ಅವರೂ ನಮ್ಮವರೇ, ಆದರೆ ನಮ್ಮೊಳಗಿನ ಬೇರೆ ಜಾತಿ. ಎಡ ಬಲದ ಮಾತು ನಿಮಗೆಲ್ಲ ಗೊತ್ತಿದೆ, ಬಿಡಿಸಿ ಹೇಳಬೇಕಾಗಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಏಳು ಸಲ ಕುಡಿದ ಟೀಯ ಪ್ರಭಾವ ಎಂದು ನಮ್ಮ ಯಜಮಾನರು ಅಂದುಕೊಂಡರು.

ನಮ್ಮ ಅಪ್ಪ ಹೇಳುತ್ತಿದ್ದ ಮಾತು ನೆನಪಾಗುತ್ತಿತ್ತು. ಜಗಳೂರು ಸೀಮೆಯ ನಮ್ಮೂರಿನ ಹೋಟೆಲ್ಲಿನಲ್ಲಿ ನಮ್ಮವರಿಗೆ ತೆಂಗಿನ ಚಿಪ್ಪು. ಗುಡಿಸಲ ಸೂರಿಗೆ ಸಿಕ್ಕಿಸಿರುತ್ತಿದ್ದರಂತೆ. ಅದನ್ನು ತಾವೇ ತೆಗೆದು, ತೊಳೆದು, ಹೊರಗೆ ಕುಕ್ಕರುಗಾಲಿನಲ್ಲಿ ಕೂತು ಹಿಡಿಯಬೇಕು. ಹೋಟೆಲ್ಲಿನವನು ಎತ್ತರದಿಂದ ಬಗ್ಗಿಸುತ್ತಾನೆ, ಬಿಸಿ ಟೀ ಕೈಮೇಲೆ ಸಿಡಿದರೂ ಚಿಪ್ಪು ಅಲುಗಾಡಿಸುವಂತಿಲ್ಲ. ಕುಡಿದ ಮೇಲೆ ಮತ್ತೆ ತೊಳೆದು ಸೂರಿಗೆ ಸಿಕ್ಕಿಸಬೇಕು. ದುಡ್ಡು ಮಾತ್ರ ಎಲ್ಲರಷ್ಟೇ. ಚಿಪ್ಪು ಹೋಗಿ ಆಮೇಲೆ ಬೇರೆ ಗಾಜಿನ ಲೋಟ ಬಂತು. ಅಪ್ಪನಿಗೆ ಅದರಲ್ಲೂ ಕುಡಿಯಲು ಮನಸ್ಸಾಗದೆ ಟೀ ಕುಡಿಯುವುದನ್ನೇ ಬಿಟ್ಟರು. ಸಾಯುವವರೆಗೂ ಅವರು ಟೀ ಮುಟ್ಟಲಿಲ್ಲ. ಮನೆಯಲ್ಲಿ ಮಾಡಿದ್ದನ್ನೂ ಮುಟ್ಟಲಿಲ್ಲ.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್ಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರಲ್ಲಿ ಕಾಯ್ದೆಯೂ ಬಂತು. ಆದರೂ ಲೋಟ ಒಂದಾಗಲಿಲ್ಲ. ನಮ್ಮ ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಕನ್ನಡ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರಂಥವರು ಕಟ್ಟಿದ ದಸಂಸದ ಹುಡುಗರು ಊರೂರಿನ ಹೋಟೆಲ್ಲಿಗೆ ನುಗ್ಗಿ ಬೆಂಚಿನ ಮೇಲೆ ಕೂರಬೇಕಾಯಿತು. ಏಟು ತಿಂದವರಿದ್ದಾರೆ. ಅವರಲ್ಲಿ ಒಬ್ಬಿಬ್ಬರು ಈ ಗುಂಪಿನಲ್ಲೂ ಇದ್ದೀರಿ, ನಿಮಗೆ ನಮಸ್ಕಾರ.

ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಎಲ್ಲರ ಮನೆಯಲ್ಲೂ ಟೀ ಕುಡಿಯುತ್ತಾರೆ. ನಮ್ಮ ಮನೆಗೆ ಬಂದ ದಿನ ಮಾತ್ರ ಅವರಿಗೆ ಅಸಿಡಿಟಿ. ನಾಲ್ಕು ವರ್ಷದಿಂದ ನಾನು ಅವರನ್ನು ಮನಸ್ಸಿನಲ್ಲೇ ಬೈಯುತ್ತಾ ಬಂದಿದ್ದೆ. ಅವತ್ತು ರಾತ್ರಿ ಹೊಳೆಯಿತು, ಅವರ ಅಸಿಡಿಟಿ ಮತ್ತು ನನ್ನ ಸ್ವಚ್ಛತೆ ಒಂದೇ ಔಷಧಿ ಅಂಗಡಿಯ ಮಾಲು.

ಬಾಬಾಸಾಹೇಬರು ಇದಕ್ಕೆ ಶ್ರೇಣೀಕೃತ ಅಸಮಾನತೆ ಎಂದು ಹೆಸರಿಟ್ಟರು. ಮೇಲಿನವನು ತುಳಿಯುತ್ತಾನೆ ಎಂಬುದು ಅರ್ಧ ಮಾತು. ಪ್ರತಿಯೊಬ್ಬನಿಗೂ ತನ್ನ ಕೆಳಗೆ ಒಬ್ಬ ಇದ್ದಾನೆ ಎಂಬ ಸಮಾಧಾನ ಕೊಟ್ಟೇ ಈ ವ್ಯವಸ್ಥೆ ನಿಂತಿದೆ. ಭಾಷಣದಲ್ಲಿ ನಾನು ಇದನ್ನು ಎಷ್ಟು ಸಲ ಹೇಳಿಲ್ಲ! ಏಪ್ರಿಲ್ 14ಕ್ಕೆ ಹೇಳಿದ್ದೇನೆ, ಡಿಸೆಂಬರ್ 6ಕ್ಕೆ ಹೇಳಿದ್ದೇನೆ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿಕೊಂಡದ್ದನ್ನು ಮಕ್ಕಳಿಗೆ ಕಣ್ಣಿಗೆ ಕಟ್ಟುವಂತೆ ಹೇಳುತ್ತೇನೆ. ಅದೇ ಬಾಯಿಗೆ ಬೆಳಗಿನ ಟೀ, ಅದೇ ಅಡುಗೆಮನೆಯ ಕಿಟಕಿಯಲ್ಲಿ ಆ ಲೋಟ.

ಇನ್ನೂ ನಾಚಿಕೆಯಾದದ್ದು ಯಾಕೆಂದರೆ, ಅದರ ಹಿಂದಿನ ಭಾನುವಾರವಷ್ಟೇ ನಾವು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸುನೀತನ ಭಾಗ ಓದಿದ್ದೆವು. ಬೀದಿ ಗುಡಿಸುವ ಸುನೀತ ಬುದ್ಧ ಬರುವುದನ್ನು ಕಂಡು ಹೆದರಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾನೆ. ಬುದ್ಧ ಅವನ ಬಳಿಗೇ ನಡೆದು ಹೋಗುತ್ತಾನೆ, ಮಾತಾಡಿಸುತ್ತಾನೆ, ಸಂಘಕ್ಕೆ ಕರೆದುಕೊಳ್ಳುತ್ತಾನೆ. ಅವತ್ತು ಓದಿದವಳು ನಾನು. ದನಿ ಗದ್ಗದವಾಗಿತ್ತು ಎಂದು ನಿಮ್ಮಲ್ಲೇ ಯಾರೋ ಹೊಗಳಿದಿರಿ. ಕ್ಷೌರಿಕ ಉಪಾಲಿಯ ವಿಷಯವೂ ಅಲ್ಲೇ ಇದೆ. ಶಾಕ್ಯ ಕುಮಾರರ ಜೊತೆ ಅವನೂ ಬಂದಾಗ ಅವರಿಗಿಂತ ಮೊದಲು ಅವನಿಗೆ ದೀಕ್ಷೆಯಾಯಿತು. ಆಮೇಲೆ ಬಂದ ಶಾಕ್ಯರು ತಮಗಿಂತ ಹಿರಿಯನಾದ ಅವನಿಗೆ ಬಾಗಿ ನಮಸ್ಕರಿಸಬೇಕಾಯಿತು. ಕುಲದ ಹೆಮ್ಮೆ ಇಳಿಯಲೆಂದು ಶಾಕ್ಯರೇ ಕೇಳಿಕೊಂಡ ಏರ್ಪಾಡು ಅದು.

ಮಾರನೇ ಬೆಳಿಗ್ಗೆ ಆ ಅಕ್ಕ ಬಂದರು. ಪೊರಕೆ ಗೇಟಿಗೆ ಒರಗಿಸಿ ಎಂದಿನಂತೆ ಮೆಟ್ಟಿಲ ಬಳಿ ನಿಂತರು. ನಾನು ಒಳಗೆ ಕರೆದೆ. ಬರಲಿಲ್ಲ. ವರಾಂಡದ ಕುರ್ಚಿಯಲ್ಲಾದರೂ ಕೂರಿ ಅಂದೆ, ತುದಿಗೆ ಕೂತರು. ಜಗ್ಗಿನಿಂದ ಊಲಾಂಗ್ ಬಗ್ಗಿಸಿ, ರಾತ್ರಿ ನಾವು ಕುಡಿದ ಅದೇ ಪುಟ್ಟ ಬಟ್ಟಲಿನಲ್ಲಿ ಅವರಿಗೇ ಮೊದಲು ಕೊಟ್ಟೆ. ಅವರು ಬಟ್ಟಲನ್ನು ತಿರುಗಿಸಿ ನೋಡಿ, "ಬ್ಯಾಡ್ರೀ ಟೀಚರ್, ಇದು ಒಡ್ದು ಗಿಡ್ದು ಹೋದೀತು. ನನ್ ಲೋಟ ಕೊಡ್ರಿ" ಅಂದರು.

*ನನ್ ಲೋಟ.* ಅವರಿಗೂ ಅದು ಗೊತ್ತಿತ್ತು. ಇಷ್ಟು ವರ್ಷ ಗೊತ್ತಿದ್ದೂ ದಿನಾ "ಟೀ ಚಲೋ ಆಗೈತ್ರಿ" ಅಂದು ಹೋಗುತ್ತಿದ್ದರು.

ನಾನು ಒತ್ತಾಯ ಮಾಡಿದೆ. ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಏನ್ರೀ ಇದು, ಸೊಪ್ಪು ಬೇಯ್ಸಿದ್ ನೀರಿದ್ದಂಗೈತಿ! ಹಾಲಿಲ್ಲ, ಸಕ್ರಿ ಇಲ್ಲ. ಬಡವ್ರಾದ್ರೇನ್ರೀ ಟೀಚರ್?" ನನಗೆ ನಗು, ಅಳು ಎರಡೂ ಬಂತು. ಚೀನಾದ ಟೀ, ನ್ಯಾಯದ ಜಗ್ಗು ಎಂದು ರಾತ್ರಿಯೆಲ್ಲ ನಾನು ಕಟ್ಟಿಕೊಂಡದ್ದು ಅವರ ಒಂದು ಮಾತಿಗೆ ಇಳಿದು ಹೋಯಿತು. ಅವರು ಬೆಳಿಗ್ಗೆ ಐದಕ್ಕೆ ಎದ್ದು ಎರಡು ಬೀದಿ ಗುಡಿಸಿ ಬಂದವರು. ಅವರಿಗೆ ಬೇಕಾದದ್ದು ಗಟ್ಟಿ ಹಾಲಿನ, ಶುಂಠಿ ಜಜ್ಜಿ ಹಾಕಿದ, ಎರಡು ಚಮಚ ಸಕ್ಕರೆಯ ಟೀ. ಒಳಗೆ ಹೋಗಿ ಅದನ್ನೇ ಮಾಡಿ, ಆ ಗಾಜಿನ ಜಗ್ಗಿಗೇ ಸೋಸಿ ತಂದೆ. ನಮ್ಮ ಯಜಮಾನರಿಗೆ, ಅತ್ತೆಯವರಿಗೆ, ಅವರಿಗೆ, ನನಗೆ, ಸ್ಟ್ಯಾಂಡಿನ ನಾಲ್ಕು ಲೋಟಗಳಲ್ಲಿ. ಅತ್ತೆಯವರು ಲೋಟ ತೆಗೆದುಕೊಳ್ಳುವ ಮುಂಚೆ ನನ್ನ ಮುಖ ನೋಡಿದರು. ತೆಗೆದುಕೊಂಡರು.

ಚೀನಾದಲ್ಲಿ 9ನೇ ಶತಮಾನದಲ್ಲಿ ಝಾವೋಝೌ ಎಂಬ ಗುರು ಇದ್ದ. ಆಶ್ರಮಕ್ಕೆ ಬಂದವನನ್ನು, ಹಿಂದೆ ಬಂದಿದ್ದೆಯಾ ಎಂದು ಕೇಳುತ್ತಿದ್ದ. ಬಂದಿದ್ದೆ ಎಂದವನಿಗೂ ಟೀ ಕುಡಿಯಲು ಹೇಳಿದ, ಬಂದಿಲ್ಲ ಎಂದವನಿಗೂ ಅದನ್ನೇ ಹೇಳಿದ. ಇಬ್ಬರಿಗೂ ಒಂದೇ ಮಾತು ಯಾಕೆ ಎಂದು ಮಠದ ಮೇಲ್ವಿಚಾರಕ ಕೇಳಿದಾಗ ಅವನಿಗೂ ಅದೇ ಉತ್ತರ ಸಿಕ್ಕಿತು. ಈ ಕಥೆಗೆ ದೊಡ್ಡ ದೊಡ್ಡ ವ್ಯಾಖ್ಯಾನಗಳಿವೆ. ನನಗೆ ಈಗ ಅದರಲ್ಲಿ ಕಾಣುವುದು ಆ ಮೇಲ್ವಿಚಾರಕ ಮಾತ್ರ. ಎಲ್ಲರಿಗೂ ಒಂದೇ ಕೊಟ್ಟರೆ ಅವನಿಗೆ ಅರ್ಥವಾಗುವುದಿಲ್ಲ.

ಆ ತಗ್ಗು ಬಿದ್ದ ಲೋಟವನ್ನು ನಾನು ಎಸೆಯಲಿಲ್ಲ. ಎಸೆದರೆ ತಪ್ಪನ್ನೂ ಕಸದ ಗಾಡಿಗೆ ಹಾಕಿ ಕೈ ತೊಳೆದುಕೊಂಡ ಹಾಗಾಗುತ್ತಿತ್ತು, ಆ ಗಾಡಿಯನ್ನು ತಳ್ಳುವವರೂ ಅವರೇ. ಬೂದಿ ಹಾಕಿ ಬೆಳಗಿ ಉಳಿದ ಲೋಟಗಳ ಜೊತೆ ಸ್ಟ್ಯಾಂಡಿಗೆ ಹಾಕಿದೆ. ಮೂರನೇ ದಿನ ಮಗ ಸ್ಕೂಲಿನಿಂದ ಬಂದವನೇ ಕೈಗೆ ಸಿಕ್ಕ ಲೋಟದಲ್ಲಿ ನೀರು ಹಿಡಿದು ಗಟಗಟ ಕುಡಿದ. ಅದೇ ಲೋಟ. ತಡೆಯಲು ನನ್ನ ಕೈ ಅರ್ಧಕ್ಕೆ ಮೇಲೆದ್ದಿತು.

ಎದ್ದದ್ದು ನಿಜ, ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ. ದ್ವೇಷ ಇರಲಿಲ್ಲ, ವಿಚಾರ ಇರಲಿಲ್ಲ. ಕೈ ತಾನಾಗಿ ಎದ್ದಿತು. ಬುದ್ಧ ಸಂಖಾರ ಎನ್ನುವುದು ಇದನ್ನೇ ಇರಬೇಕು. ದೀಕ್ಷೆ ತೆಗೆದುಕೊಂಡು ಹನ್ನೊಂದು ವರ್ಷವಾಯಿತು, ಕೈಗೆ ಇನ್ನೂ ದೀಕ್ಷೆಯಾಗಿಲ್ಲ. ಕೈಯನ್ನು ಕೆಳಗಿಳಿಸಿದೆ. ಮಗ ಏನೆಂದು ಕೇಳಿದ. ಹೇಳಿದೆ. ಹನ್ನೆರಡು ವರ್ಷದವನು, ಎಲ್ಲ ಕೇಳಿಸಿಕೊಂಡು, "ಅದ್ಕೇನಾ ಅಜ್ಜ ಟೀ ಕುಡೀತಿರ್ಲಿಲ್ಲ?" ಅಂದ. ಹೂಂ ಅಂದೆ.

ಈಗ ಒಂದೂವರೆ ತಿಂಗಳಾಯಿತು. ಅಕ್ಕ ಈಗಲೂ ಅಡುಗೆಮನೆಯೊಳಗೆ ಬರುವುದಿಲ್ಲ, ಕುರ್ಚಿಯಲ್ಲಿ ಮಾತ್ರ ಸ್ವಲ್ಪ ಹಿಂದಕ್ಕೆ ಸರಿದು ಕೂರುತ್ತಾರೆ. ಮೊನ್ನೆ, ಸಕ್ಕರೆ ಕಮ್ಮಿ ಅಂತ ದೂರಿದರು. ಮೊದಲೆಲ್ಲ ಒಂದು ದಿನವೂ ದೂರಿದವರಲ್ಲ.

ಬರುವ ಭಾನುವಾರದ ಓದು ನಮ್ಮ ಮನೆಯಲ್ಲಿ, ಬೆಳಿಗ್ಗೆ 10ಕ್ಕೆ. ತ್ರಿಶರಣ, ಪಂಚಶೀಲ ಆದ ಮೇಲೆ ಸುನೀತನ ಭಾಗವನ್ನೇ ಇನ್ನೊಮ್ಮೆ ಓದೋಣ. ಈ ಸಲ ಬೇರೆ ಯಾರಾದರೂ ಓದಿ. ಊಲಾಂಗ್ ಮೂವತ್ತು ಗ್ರಾಂನಷ್ಟು ಉಳಿದಿದೆ, ರುಚಿ ನೋಡುವವರಿಗೆ ಮಾಡುತ್ತೇನೆ. ಹಾಲಿನ ಟೀಯೂ ಇರುತ್ತದೆ. ಅಕ್ಕನನ್ನೂ ಕರೆದಿದ್ದೇನೆ. ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ. ಹೊಳೆ ದಾಟಿ ಬರುವವರು, ಚನ್ನಗಿರಿ ಬಸ್ಸಿನವರು ಎಷ್ಟು ಜನ ಅಂತ ಶುಕ್ರವಾರದೊಳಗೆ ಗುಂಪಿನಲ್ಲಿ ಹಾಕಿ, ಮಂಡಕ್ಕಿ ಅಂದಾಜು ಮಾಡಬೇಕು.

ನಮೋ ಬುದ್ಧಾಯ. ಜೈ ಭೀಮ್. 🙏